ಮೇಷ್ಟ್ರಿಗೆ ನಾನು ತೋರಿಸಿದ ಹಕ್ಕಿ

ಯಾರಾದರೂ ನನ್ನನ್ನು ‘ಇವರು ಹಕ್ಕಿಯವರು’ ಎಂದು ಪರಿಚಯ ಮಾಡಿಸಿದರೆ ಇವತ್ತಿಗೂ ನನಗೆ ಕಿವಿ ಬಿಸಿಯಾಗುತ್ತದೆ. ಶಾಲೆಗಳಿಗೆ ಕರೆಯುತ್ತಾರೆ, ಹಾರ ಹಾಕುತ್ತಾರೆ, ಮಕ್ಕಳ ಮುಂದೆ ಕೂರಿಸುತ್ತಾರೆ. ಮಕ್ಕಳ ಪ್ರಶ್ನೆ ಯಾವಾಗಲೂ ಒಂದೇ: ನೀವು ನೋಡಿದ ಹಕ್ಕಿಗಳಲ್ಲಿ ಎಲ್ಲಕ್ಕಿಂತ ಅಪರೂಪದ್ದು ಯಾವುದು? ನಾನು ಮಂಗಟ್ಟೆಯ ಹೆಸರು ಹೇಳಿ, ಅದರ ಕೊಕ್ಕು ಇಷ್ಟುದ್ದ ಎಂದು ಕೈ ಚಾಚಿ ತೋರಿಸಿ, ಮಕ್ಕಳನ್ನು ನಗಿಸಿ ಪಾರಾಗುತ್ತೇನೆ. ನಿಜವಾದ ಉತ್ತರ ಬೇರೆ ಇದೆ. ಅದನ್ನು ಹೇಳಹೊರಟರೆ ಜೊತೆಗೆ ಇನ್ನೊಂದನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ಅದಕ್ಕೆ ಧೈರ್ಯ ಬರಲಿಲ್ಲ. ಈಗ ಓದಿ ನೊಂದುಕೊಳ್ಳಬೇಕಾದವರು ಯಾರೂ ಉಳಿದಿಲ್ಲ ಎನ್ನುವ ಹೇಡಿಯ ಧೈರ್ಯದಿಂದ ಬರೆಯುತ್ತಿದ್ದೇನೆ.

ನನಗೆ ಹಕ್ಕಿ ನೋಡುವುದನ್ನು ಕಲಿಸಿದವರು ತೀರ್ಥಹಳ್ಳಿಯಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರು. ಕಪ್ಪು ಟೋಪಿ, ಮುಚ್ಚುಕೊರಳಿನ ಕೋಟು, ಕೈಯಲ್ಲೊಂದು ಬೆತ್ತ. ಬೆತ್ತ ಇದ್ದದ್ದು ಹುಡುಗರಿಗೆ ಬಾರಿಸಲಿಕ್ಕಲ್ಲ, ಭಾನುವಾರ ತುಂಗಾನದಿಯ ದಂಡೆಯಲ್ಲಿ ಪೊದೆ ಸರಿಸಲಿಕ್ಕೆ. ಅವರ ಹತ್ತಿರ ದಪ್ಪ ರಟ್ಟಿನ ಒಂದು ನೋಟುಪುಸ್ತಕವಿತ್ತು. ಒಂದು ಹಕ್ಕಿಗೆ ಒಂದು ಪುಟ. ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ ಕಂಡಿತು, ಏನು ಮಾಡುತ್ತಿತ್ತು, ಕೊಕ್ಕಿನ ಬಣ್ಣ, ಕಾಲಿನ ಬಣ್ಣ, ಕಣ್ಣಿನ ಬಣ್ಣ. ಕಂಡದ್ದನ್ನು ಮಾತ್ರ ಬರೆಯುವುದು ಅವರ ಕಟ್ಟುನಿಟ್ಟು. ಕೂಗು ಕೇಳಿದ್ದನ್ನು ಬರೆಯುವಂತಿಲ್ಲ. ಇನ್ನೊಬ್ಬರು ಹೇಳಿದ್ದನ್ನಂತೂ ಬರೆಯುವಂತೆಯೇ ಇಲ್ಲ. ಒಮ್ಮೆ ನಾನು ಉಮೇದಿನಲ್ಲಿ ಒಂದು ಹಕ್ಕಿಯ ಕಾಲಿನ ಬಣ್ಣವನ್ನು ಅಂದಾಜಿನಲ್ಲಿ ಹೇಳಿದ್ದಕ್ಕೆ, “ನೀ ನೋಡಿದ್ಯೇನೋ? ಇಲ್ಲ ಅಂದ್ರೆ ಇಲ್ಲ ಅನ್ನು ಮಾರಾಯ, ಅದರಲ್ಲೇನೂ ಗಂಟು ಹೋಗೋದಿಲ್ಲ” ಎಂದು ತರಗತಿಯ ಎದುರಿಗೇ ಗದರಿದ್ದರು.

ಆ ಪುಸ್ತಕದಲ್ಲಿ ಒಂದು ಪುಟ ಮಾತ್ರ ಖಾಲಿ ಇತ್ತು. ತಲೆಯಲ್ಲಿ ‘ಕಪ್ಪೆಬಾಯಿ ಹಕ್ಕಿ’ ಎಂದು ಬರೆದು ಅಡಿಗೆರೆ ಎಳೆದಿದ್ದರು, ಕೆಳಗೆ ಏನೂ ಇಲ್ಲ. ಕಪ್ಪೆಯ ಬಾಯಂಥ ಅಗಲ ಬಾಯಿ ಅದಕ್ಕೆ, ಅದರಿಂದ ಆ ಹೆಸರು. ರಾತ್ರಿ ಹುಳ ಹಿಡಿಯುತ್ತದೆ, ಹಗಲು ಜೋಡಿಯಾಗಿ ಒಂದೇ ಬಳ್ಳಿಯ ಮೇಲೆ ಅಲ್ಲಾಡದೆ ಕೂತಿರುತ್ತದೆ. ಮನುಷ್ಯ ಹತ್ತಿರ ಬಂದರೆ ಹಾರುವುದಿಲ್ಲ. ಕೊಕ್ಕನ್ನು ಮೇಲೆತ್ತಿ, ಕಣ್ಣನ್ನು ಗೀರಿನಷ್ಟು ಮಾಡಿಕೊಂಡು, ಮುರಿದ ಕೊಂಬೆಯ ತುಂಡಿನಂತೆ ಕೂತುಬಿಡುತ್ತದೆ. ಮೇಷ್ಟ್ರು ಇಪ್ಪತ್ತು ವರ್ಷದಿಂದ ಅದನ್ನು ಹುಡುಕುತ್ತಿದ್ದರು. ಅವರ ಮನೆಯ ಹಿಂದಿನ ಕಾಡಿನಲ್ಲೇ ಅದರ ಕೂಗು ಎಷ್ಟೋ ಸಲ ಕೇಳಿದ್ದರು, ಆದರೆ ಕೇಳಿದ್ದು ಲೆಕ್ಕಕ್ಕಿಲ್ಲವಲ್ಲ. “ಎಷ್ಟು ಸಲ ಅದರ ಕೆಳಗೇ ನಡ್ಕೊಂಡು ಹೋಗಿದ್ದೀನೋ ದೇವರಿಗೇ ಗೊತ್ತು” ಎಂದು ನಗುತ್ತಿದ್ದರು.

ನನ್ನ ಓದು ಮುಗಿಯುವ ಹೊತ್ತಿಗೆ ಮೇಷ್ಟ್ರ ಕಣ್ಣು ಮಂಜಾಗತೊಡಗಿತ್ತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಣ್ಣಿನ ನರ ಬತ್ತುವ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ಶಿವಮೊಗ್ಗದಲ್ಲಿ ಹೇಳಿ ಕಳಿಸಿದ್ದರಂತೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ಎರಡು ವರ್ಷ, ಹೆಚ್ಚೆಂದರೆ ಮೂರು ವರ್ಷದ ಬೆಳಕು ಉಳಿದಿತ್ತು. ಅವರು ಯಾರ ಹತ್ತಿರವೂ ಗೋಳು ಹೇಳಿಕೊಂಡವರಲ್ಲ. ನನಗೆ ಕೆಲಸ ಸಿಕ್ಕಿ ಹೊರಡುವ ದಿನ ತಮ್ಮ ದುರ್ಬೀನನ್ನು ನನ್ನ ಕೊರಳಿಗೆ ಹಾಕಿ, “ನಿನ್ನ ಕಣ್ಣಲ್ಲಾದರೂ ಅದು ಸಿಗ್ತದೋ ನೋಡು. ಸಿಕ್ಕರೆ ನನಗೊಂದು ಕಾಗದ ಹಾಕು, ಎಲ್ಲಿದ್ದರೂ ಬರ್ತೀನಿ” ಎಂದರು. ಆ ಖಾಲಿ ಪುಟವನ್ನು ಅವರ ಕಣ್ಣು ಹೋಗುವುದರೊಳಗೆ ತುಂಬಿಸಬೇಕು ಎಂದು ನಾನು ಅಲ್ಲಿಯೇ ಮನಸ್ಸಿನಲ್ಲಿ ಶಪಥ ಮಾಡಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಶಪಥ ಮಾಡುವುದು ಬಹಳ ಸುಲಭ.

ನನ್ನ ಕೆಲಸ ಕಾಡಿನ ಮರಗಳಿಗೆ ಗುರುತು ಹಾಕುವುದು. ಕಚೇರಿ ಸಾಗರದಲ್ಲಿ, ತಿರುಗಾಟ ಹೊಸನಗರದ ಸುತ್ತ. ಆ ವರ್ಷ ಕಡಿಯಬೇಕೆಂದು ಗೊತ್ತುಮಾಡಿದ ಕಾಡಿನ ತುಂಡಿಗೆ ಕೂಪು ಎನ್ನುತ್ತಿದ್ದರು. ಕೂಪಿನೊಳಗೆ ಮೇಲಿನವರು ಆರಿಸಿದ ಮರದ ತೊಗಟೆಯನ್ನು ಎದೆಮಟ್ಟದಲ್ಲಿ ಅಂಗೈಯಗಲ ಕೆತ್ತಿ, ಅದರ ಮೇಲೆ ಡಾಂಬರಿನಿಂದ ನಂಬರು ಬರೆದು, ಪಟ್ಟಿಗೆ ಏರಿಸುವುದು ನನ್ನ ಪಾಲು. ಡಾಂಬರಿನ ಡಬ್ಬಿ, ಕುಂಚ, ಕೊರಳಲ್ಲಿ ದುರ್ಬೀನು. ಪಂಚೆಯ ಮೇಲೆ ಡಾಂಬರಿನ ಕಲೆ ಇಲ್ಲದ ದಿನವೇ ಇಲ್ಲ. ಕೆಲಸದ ನಡುವೆ ಹತ್ತು ನಿಮಿಷ ಬಿಡುವಾದರೆ ಕತ್ತು ಮೇಲೆತ್ತಿ ಪ್ರತಿ ಬಳ್ಳಿ, ಪ್ರತಿ ಕೊಂಬೆ ಜಾಲಾಡುತ್ತಿದ್ದೆ. ಹೀಗೆ ಒಂದು ವರ್ಷ ಕಳೆಯಿತು. ಕಂಡದ್ದು ಕುತ್ತಿಗೆ ನೋವು ಒಂದೇ.

ಎರಡನೆಯ ವರ್ಷ, ಮಾಘದ ಚಳಿ ಇನ್ನೂ ಬಿಡದಿದ್ದ ಒಂದು ಬೆಳಿಗ್ಗೆ, ಹೊಸನಗರದಿಂದ ಮೂರು ಮೈಲಿ ಒಳಗಿನ ಕೂಪಿನಲ್ಲಿ ಒಬ್ಬ ಹೆಂಗಸು ನನ್ನನ್ನು ಮಾತಾಡಿಸಿದಳು. ಐವತ್ತು ದಾಟಿದವಳು. ಪಕ್ಕದ ಹಳ್ಳಿಯ ಗೇಣಿ ಒಕ್ಕಲಿನ ಮನೆಯವಳು. ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಲು ಕಾಡಿನ ತರಗೆಲೆ ಗುಡಿಸಿ, ದೊಡ್ಡ ಬುಟ್ಟಿಗೆ ತುಂಬಿ ಹೊತ್ತೊಯ್ಯುತ್ತಿದ್ದಳು. ನಾನು ದಿನವೂ ಅವಳನ್ನು ನೋಡುತ್ತಿದ್ದೆ, ಆದರೆ ಮಾತಾಡಿಸುವ ಅಗತ್ಯ ನನಗೆ ಕಂಡಿರಲಿಲ್ಲ.

“ಎಂತ ಹುಡುಕ್ತೀರಿ ಸ್ವಾಮಿ? ದಿನಾ ಮೇಲೆ ನೋಡ್ಕಂಡು ತಿರುಗ್ತೀರಲ್ಲ, ಎಡವಿ ಬೀಳ್ತೀರಿ.”

ಹೇಳಿದರೆ ಇವಳಿಗೇನು ತಿಳಿಯುತ್ತದೆ ಎಂಬ ಉಡಾಫೆಯಲ್ಲೇ ಹೇಳಿದೆ. ತರಗೆಲೆ ಬಣ್ಣ, ಅಗಲ ಬಾಯಿ, ಹಗಲೆಲ್ಲ ಒಂದೇ ಕಡೆ ಕೂತಿರುತ್ತದೆ.

“ಗಂಡ-ಹೆಂಡ್ತಿ ಹಕ್ಕಿಯಾ?” ಎಂದಳು. “ಒಂದಕ್ಕೊಂದು ಅಂಟ್ಕಂಡು ಕೂತಿರ್ತಾವಲ್ಲ, ಅವಾ? ಬನ್ನಿ.”

ಮುನ್ನೂರು ಹೆಜ್ಜೆ ಆಚೆ ಒಂದು ದೊಡ್ಡ ಮತ್ತಿಮರ. ಅದರಿಂದ ಒಂದು ಒಣಬಳ್ಳಿ ಉಯ್ಯಾಲೆಯ ಹಗ್ಗದಂತೆ ಇಳಿಬಿದ್ದಿತ್ತು. ನಾನು ಎಂದಿನಂತೆ ಕತ್ತೆತ್ತಿದೆ. ಅವಳು ನಕ್ಕಳು. “ಮೇಲೆ ಆಮೇಲೆ ನೋಡಿ. ಮೊದ್ಲು ಕೆಳಗೆ ನೋಡಿ.” ಗುಡಿಸಿದ ನೆಲದ ಮೇಲೆ ಬಿಳಿ ಹಿಕ್ಕೆ ಒಂದೇ ಕಡೆ ಗುಪ್ಪೆಯಾಗಿ ಬಿದ್ದಿತ್ತು. ಅವಳು ನಾಲ್ಕು ವರ್ಷದಿಂದ ಆ ಜಾಗ ಗುಡಿಸುತ್ತಿದ್ದಳು. ಗುಡಿಸಿದಷ್ಟೂ ಮತ್ತೆ ಅದೇ ಜಾಗದಲ್ಲಿ ಹಿಕ್ಕೆ ಬೀಳುತ್ತಿದ್ದುದನ್ನು ಕಂಡು, ಯಾರಪ್ಪಾ ಇದು ಎಂದು ಒಂದು ದಿನ ಬುಟ್ಟಿ ಇಳಿಸಿ ಕೂತು, ಮಧ್ಯಾಹ್ನದವರೆಗೂ ಮೇಲೆ ನೋಡಿ ಕಂಡುಕೊಂಡಿದ್ದಳಂತೆ.

ಅವಳು ತೋರಿಸಿದರೂ ನನಗೆ ಕಾಣಲಿಲ್ಲ. ಕೊನೆಗೆ ಪೊರಕೆಯ ಕೋಲನ್ನು ಮೇಲಕ್ಕೆ ಹಿಡಿದು, “ಈ ಕೋಲಿನ ತುದೀಲಿ ಕಣ್ಣಿಡಿ” ಎಂದಳು. ಇಟ್ಟೆ. ಬಳ್ಳಿಯ ಮೇಲಿನ ಎರಡು ಒಣ ತುಂಡುಗಳು ಹಕ್ಕಿಗಳಾದವು. ಒಂದು ಬೂದು, ಒಂದು ಕೆಂಗಂದು. ಭುಜಕ್ಕೆ ಭುಜ ತಾಗಿಸಿ, ಕೊಕ್ಕು ಮೇಲೆತ್ತಿ, ಕಣ್ಣು ಗೀರು ಮಾಡಿಕೊಂಡು ಕೂತಿದ್ದವು. ನನ್ನ ಎದೆ ಹೊಡೆದುಕೊಳ್ಳುವ ಸದ್ದಿಗೇ ಹಾರಿಹೋಗುತ್ತವೋ ಎಂದು ಹೆದರಿದೆ. ಅರ್ಧ ಗಂಟೆ ನಿಂತೆ. ಒಂದು ಗರಿ ಅಲ್ಲಾಡಲಿಲ್ಲ. ಅಷ್ಟು ಸಂತೋಷ ನನಗೆ ಆಮೇಲೆ ಮದುವೆಯಲ್ಲೂ ಆಗಲಿಲ್ಲ ಎಂದರೆ ಮನೆಯವಳು ಕ್ಷಮಿಸಬೇಕು.

ಮೇಷ್ಟ್ರನ್ನು ಕರೆತರಬೇಕು. ಆದರೆ ಆ ಕಾಡಿನಲ್ಲಿ ಮತ್ತಿಮರಗಳಿಗೇನು ಬರ. ಮತ್ತೆ ಬಂದಾಗ ಇದೇ ಮರವನ್ನು ಗುರುತಿಸುವುದು ಹೇಗೆ ಎಂದು ಅವಳನ್ನು ಕೇಳಿದೆ.

“ಒಂದು ಹಿಡಿ ಹಸಿಸೊಪ್ಪು ಮರಕ್ಕೆ ಕಟ್ತೀನಿ ಬಿಡಿ. ಜೇನು ಕಂಡೋರು ಹಂಗೇ ಮಾಡೋದು. ಸೊಪ್ಪು ಕಟ್ಟಿದ ಮರಾನ ಯಾರೂ ಮುಟ್ಟಾಕಿಲ್ಲ, ಇನ್ನೊಬ್ರದ್ದು ಅಂತ ಗೊತ್ತಾಗ್ತದೆ.”

ಅದು ಆ ಕಡೆಯ ಪದ್ಧತಿ. ಕಾಡಿನಲ್ಲಿ ಯಾರಾದರೂ ಹೆಜ್ಜೇನೋ ಕೋಲುಜೇನೋ ಕಂಡು, ಇನ್ನೂ ಬಲಿತಿಲ್ಲ ಎಂದಾದರೆ, ಬುಡಕ್ಕೆ ಸೊಪ್ಪು ಕಟ್ಟಿ ಹೋಗುತ್ತಿದ್ದರು. ಒಣಗಿ ಕಡ್ಡಿಯಾದ ಗಂಟಿಗೂ ಜನ ಮರ್ಯಾದೆ ಕೊಡುತ್ತಿದ್ದರು. ನನಗೂ ಅದು ಗೊತ್ತಿತ್ತು. ಆದರೂ ನಾನು ನಕ್ಕುಬಿಟ್ಟೆ. “ಸೊಪ್ಪು ಎರಡು ದಿನಕ್ಕೆ ಒಣಗಿಹೋಗ್ತದಮ್ಮ. ದೂರದಿಂದ ಕಾಣಬೇಕು” ಎಂದು, ಕುಂಚವನ್ನು ಡಬ್ಬಿಯಲ್ಲಿ ಅದ್ದಿ, ಮರದ ಬುಡದ ಮೇಲೆ ಅಂಗೈಯಗಲದ ಡಾಂಬರು ಬಳಿದೆ. ನಂಬರು ಬರೆಯಲಿಲ್ಲ, ತೊಗಟೆ ಕೆತ್ತಲಿಲ್ಲ, ಪಟ್ಟಿಗೆ ಸೇರಿಸಲಿಲ್ಲ. ನಂಬರಿಲ್ಲದ ಗುರುತು ಕಡಿಯುವ ಗುರುತಲ್ಲ, ಅಷ್ಟು ಯಾರಿಗೆ ತಿಳಿಯುವುದಿಲ್ಲ ಎಂದುಕೊಂಡೆ. ಓದು ಬಂದವನ ತಲೆ ನೋಡಿ ಹೇಗೆ ಓಡುತ್ತದೆ. ಅವಳು ಆ ಕಪ್ಪನ್ನು ನೋಡಿ, “ಅದು ಕಡಿಯೋ ಮರಕ್ಕೆ ಹಚ್ಚೋದಲ್ವಾ ಸ್ವಾಮಿ?” ಎಂದು ಕೇಳಿದಳು. “ನನಗೆ ಕಲಿಸ್ತೀಯಾ?” ಎಂದೆ. ಅವಳು ಬುಟ್ಟಿ ಎತ್ತಿಕೊಂಡಳು.

ಆ ಸಂಜೆಯೇ ಮೇಷ್ಟ್ರಿಗೆ ಕಾಗದ ಬರೆದೆ. ‘ಕಪ್ಪೆಬಾಯಿ ಹಕ್ಕಿಯ ಜೋಡಿಯನ್ನು ಕಂಡುಹಿಡಿದಿದ್ದೇನೆ’ ಎಂದು ಬರೆದೆ. ಕಂಡುಹಿಡಿದವಳು ಬೇರೆ ಎಂದು ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ಮರೆವಿನಿಂದಲ್ಲ. ಪೆನ್ನು ಆ ಜಾಗದಲ್ಲಿ ನಿಂತದ್ದು, ನಾನು ಅದನ್ನು ಮುಂದೆ ತಳ್ಳಿದ್ದು ಎರಡೂ ನನಗೆ ನೆನಪಿದೆ.

ಮರುದಿನ ಪಟ್ಟಿ ಒಪ್ಪಿಸಲು ಸಾಗರಕ್ಕೆ ಹೋದೆ. ಅಲ್ಲಿ ಒಂದು ವಾರ ನಿಲ್ಲಬೇಕಾಯಿತು. ಕೂಪು ಕಡಿಯುವವರು ಬರುವುದಕ್ಕೆ ಇನ್ನೂ ಒಂದು ತಿಂಗಳಿದೆ ಎಂಬ ಧೈರ್ಯ ನನಗಿತ್ತು. ಸಾಗರದಿಂದಲೇ ತೀರ್ಥಹಳ್ಳಿಗೆ ಹೋಗಿ, ಮೇಷ್ಟ್ರನ್ನು ಬೆಳಗಿನ ಬಸ್ಸು ಹತ್ತಿಸಿಕೊಂಡು ಹೊಸನಗರಕ್ಕೆ ಹೊರಟೆ. ಅವರು ಹೊಸದಾಗಿ ಒಗೆಸಿದ ಕೋಟು ಹಾಕಿದ್ದರು. ನೋಟುಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಹಿಡಿದಿದ್ದರು. ದಾರಿಯುದ್ದಕ್ಕೂ, “ಎರಡೂ ಒಟ್ಟಿಗೆ ಕೂತಿದ್ದಾವೇನೋ? ಗಂಡು ಯಾವ ಕಡೆ?” ಎಂದು ಕೇಳಿದ್ದನ್ನೇ ಕೇಳುತ್ತಿದ್ದರು. ಬಸ್ಸು ಕುಲುಕಿದಾಗೆಲ್ಲ ನನ್ನ ತೋಳು ಹಿಡಿದು ನಗುತ್ತಿದ್ದರು. ಅಷ್ಟು ಹುಡುಗಾಟಿಕೆ ನಾನು ಅವರಲ್ಲಿ ಕಂಡೇ ಇರಲಿಲ್ಲ.

ಬಸ್ಸಿಳಿದು ಮೂರು ಮೈಲಿ ನಡೆದೆವು. ಕೂಪಿನ ಹತ್ತಿರ ಬರುತ್ತಿದ್ದಂತೆ ನನಗೆ ಏನೋ ಸರಿಯಿಲ್ಲ ಎನಿಸಿತು. ಕಾಡಿನೊಳಗೆ ಇರಬಾರದಷ್ಟು ಬೆಳಕಿತ್ತು. ಆಮೇಲೆ ಹಸಿ ಮರದ ಹುಳಿ ವಾಸನೆ. ಆನಂದಪುರದ ಕಡೆಯ ಕೆಲಸ ಬೇಗ ಮುಗಿದು ಲಾರಿಗಳು ಖಾಲಿಯಾದ್ದರಿಂದ, ಕಡಿಯುವವರನ್ನು ತಿಂಗಳ ಮೊದಲೇ ಇತ್ತ ಕಳಿಸಿದ್ದರು. ಅದು ನನಗೆ ಆಮೇಲೆ ತಿಳಿಯಿತು. ಆಗ ಕಂಡದ್ದು, ಮತ್ತಿಮರ ಇದ್ದ ಜಾಗದಲ್ಲಿ ಮಂಡಿಯೆತ್ತರದ ಬೊಡ್ಡೆ, ಸುತ್ತ ಚಕ್ಕೆಗಳ ರಾಶಿ. ಒಣಬಳ್ಳಿ ತುಂಡುತುಂಡಾಗಿ ನೆಲದ ಮೇಲಿತ್ತು. ಅಚ್ಚರಿಯೆಂದರೆ ಪಕ್ಕದ ಐದಾರು ಮರಗಳು ಹಾಗೇ ನಿಂತಿದ್ದವು. ಅವಕ್ಕೆ ಡಾಂಬರು ಬಿದ್ದಿರಲಿಲ್ಲ. ನಾನು ಬಳಿಯದಿದ್ದರೆ ಈ ಮರವೂ ನಿಂತಿರುತ್ತಿತ್ತು.

ಮುಂದೊಂದು ದಿನ ಕಡಿಯುವವರ ಮೇಸ್ತ್ರಿಯ ಮೇಲೆ ಹರಿಹಾಯ್ದೆ. ನಂಬರಿಲ್ಲದ ಮರ ಯಾಕೆ ಕಡಿಸಿದೆ ಎಂದೆ. ಅವನು ಬೀಡಿ ಆರಿಸಿ, ತಣ್ಣಗೆ ಹೇಳಿದ: “ನಂಬ್ರ ಓದೋದು ನಿಮ್ ಕೆಲ್ಸ ಸ್ವಾಮಿ. ಟಾರು ನೋಡೋದು ನಮ್ದು.”

ಆದರೆ ಅದು ಆಮೇಲಿನ ಮಾತು. ಆ ಬೆಳಿಗ್ಗೆ ನಾನು ಬೊಡ್ಡೆಯನ್ನು ನೋಡುತ್ತ ನಿಂತಿದ್ದಾಗ ಮೇಷ್ಟ್ರು ನನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಬೆತ್ತದಿಂದ ದಾರಿ ತಡವುತ್ತ ಬರುತ್ತಿದ್ದರು. “ಬಂತೇನೋ?” ಎಂದು ಪಿಸುದನಿಯಲ್ಲಿ ಕೇಳಿದರು. ಹಕ್ಕಿ ಬೆದರದಿರಲಿ ಎಂದು ಪಿಸುದನಿ. ಆ ಹೆಂಗಸೂ ಅಲ್ಲೇ ತರಗೆಲೆ ಗುಡಿಸುತ್ತಿದ್ದಳು. ನಮ್ಮನ್ನು ಕಂಡು ಪೊರಕೆ ನಿಲ್ಲಿಸಿ, ಏನೋ ಹೇಳಲು ಬಾಯಿ ತೆರೆದಳು. ನಾನು ಕೈಯೆತ್ತಿ ಅವಳನ್ನು ಸುಮ್ಮನಿರಿಸಿದೆ.

ನನಗೆ ಇದ್ದದ್ದು ಆ ಇಪ್ಪತ್ತು ಹೆಜ್ಜೆಗಳ ಹೊತ್ತು. ‘ಸಾರ್, ಮರ ಹೋಯಿತು, ನನ್ನ ಕೈಯಿಂದಲೇ ಹೋಯಿತು’ ಎಂದು ಹೇಳಿದ್ದರೆ ಅವರು ಬೊಡ್ಡೆಯ ಮೇಲೆ ಕೂತು ಬೆವರು ಒರೆಸಿಕೊಂಡು, ‘ಹೋಗಲಿ ಬಿಡೋ’ ಎನ್ನುತ್ತಿದ್ದರು. ನನಗೆ ಅದು ಖಂಡಿತ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಅವರ ಸಂತೋಷ ಕೆಡಿಸಬಾರದು ಎಂದು ಸುಳ್ಳು ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ನಾನು ಉಳಿಸಿಕೊಂಡದ್ದು ನನ್ನ ಮುಖವನ್ನು.

ಬೊಡ್ಡೆಯಿಂದಾಚೆ ಉಳಿದಿದ್ದ ಒಂದು ಮರದಲ್ಲಿ, ಎರಡಾಳೆತ್ತರದಲ್ಲಿ, ಬೀಳುವ ಮರದ ಏಟಿಗೆ ಮುರಿದ ಕೊಂಬೆಯ ಮೋಟು ಇತ್ತು. ಬೂದುಬಣ್ಣ, ತುದಿ ಮೇಲಕ್ಕೆ ಚೂಪು.

“ಅಲ್ಲಿ ಸಾರ್” ಎಂದೆ.

ಮೇಷ್ಟ್ರು ತಡವರಿಸಿ ಅದೇ ಬೊಡ್ಡೆಯ ಮೇಲೆ ಕೂತರು. “ಹೊಸದಾಗಿ ಕಡಿದಿದ್ದಾರಲ್ಲೋ” ಎಂದು ಅದನ್ನು ಕೈಯಿಂದ ಸವರಿದರು. ನನ್ನಿಂದ ದುರ್ಬೀನು ಇಸಿದುಕೊಂಡು, ಬೆತ್ತದ ತಲೆಗೆ ಆನಿಸಿ ಬಲಗಣ್ಣಿಗೆ ಹಿಡಿದರು. ನಾನು ಅವರ ಹಿಂದೆ ನಿಂತು, ಅವಳಿಂದ ಕಲಿತಂತೆಯೇ, ಒಂದು ಕೋಲನ್ನು ಮೇಲಕ್ಕೆ ಹಿಡಿದು, “ಈ ತುದೀಲಿ ನೋಡಿ ಸಾರ್” ಎಂದೆ. ಕಲಿತ ವಿದ್ಯೆ ಅದಕ್ಕೆ ಬಳಕೆಯಾಯಿತು.

ಎಷ್ಟೋ ಹೊತ್ತು ದುರ್ಬೀನನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ನೋಡಿದರು. ಆಮೇಲೆ, “ಕಂಡಿತು ಕಣೋ” ಎಂದರು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ದೇವಸ್ಥಾನದಲ್ಲಿ ಮಾತ್ರ ಅವರು ಟೋಪಿ ತೆಗೆದದ್ದನ್ನು ನಾನು ಕಂಡಿದ್ದೆ. “ಎರಡು ಅಂದಿದ್ದೆಯಲ್ಲ?”

“ಇನ್ನೊಂದು ಹಿಂದುಗಡೆ ಕೂತಿದೆ ಸಾರ್. ಇಲ್ಲಿಂದ ಕಾಣೋದಿಲ್ಲ.”

“ಇರಲಿ. ಒಂದು ಸಾಕು. ಒಂದು ಕಂಡಿತಲ್ಲ.”

ಒಂದು ಗಂಟೆ ಅಲ್ಲಿ ಕೂತರು. ನಡುನಡುವೆ ದುರ್ಬೀನು ಇಳಿಸಿ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. “ಅಲ್ಲಾಡೋದೇ ಇಲ್ಲ ನೋಡು. ಎಂಥಾ ತಾಳ್ಮೆ! ನಾನು ಇಪ್ಪತ್ತು ವರ್ಷ ಕಾದೆ ಅಂತ ಜಂಬ ಪಡ್ತಿದ್ದೆ, ಇದರ ಮುಂದೆ ನಂದೇನಿಲ್ಲ ಮಾರಾಯ” ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ತಲೆಯಾಡಿಸಿದೆ, ಹೌದು ಸಾರ್ ಎಂದೆ.

ಆ ಹೆಂಗಸು ತನ್ನ ಗಡಿಗೆಯಿಂದ ಮೇಷ್ಟ್ರಿಗೆ ಮಜ್ಜಿಗೆ ಕೊಟ್ಟಳು. ಅವರು ಕುಡಿದು, “ಯಾರಮ್ಮ ನೀನು?” ಎಂದರು. ಅವಳು ಉತ್ತರಿಸುವ ಮೊದಲೇ ನಾನು, “ತರಗೆಲೆ ಗುಡಿಸೋಳು ಸಾರ್” ಎಂದೆ. ಅವಳು ಆ ಮೋಟನ್ನು ನೋಡಿದಳು, ನನ್ನನ್ನು ನೋಡಿದಳು. ಮೇಷ್ಟ್ರು ಮುಂದೆ ಹೋದ ಮೇಲೆ ಮೆಲ್ಲಗೆ, “ಎಂತಕ್ಕೆ ಹಂಗಂದ್ರಿ? ಪಾಪ, ದೊಡ್ಡೋರು, ಅಷ್ಟು ದೂರದಿಂದ ಬಂದಾರೆ. ಇದ್ದದ್ದು ಹೇಳ್ಬಾರ್ದಾ?” ಎಂದಳು.

“ನಿಂಗೆ ಅದೆಲ್ಲ ತಿಳಿಯೋದಿಲ್ಲ. ನೀನು ನಿನ್ನ ಕೆಲಸ ನೋಡ್ಕೋ” ಎಂದು ರೇಗಿದೆ. ತಪ್ಪು ಮಾಡಿದವನಿಗೆ ಬರುವಷ್ಟು ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ. ಅವಳು ಗಡಿಗೆ ಎತ್ತಿಕೊಂಡು ಪೊರಕೆಯ ಕಡೆ ನಡೆದಳು.

ವಾಪಸು ಬಸ್ಸಿನಲ್ಲಿ ಮೇಷ್ಟ್ರು ಟವೆಲು ಬಿಚ್ಚಿ, ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಕುಲುಕಾಟದಲ್ಲೇ ಆ ಖಾಲಿ ಪುಟದ ಮೇಲೆ ಬರೆದರು. ಹೊಸನಗರದ ಕಾಡು. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು. ಬೂದುಬಣ್ಣ. ಒಂದು ಗಂಟೆ ಚಲನೆ ಇಲ್ಲ. ಕೊಕ್ಕು ಮೇಲಕ್ಕೆ. ‘ಕಣ್ಣಿನ ಬಣ್ಣ’ ಎಂದು ಬರೆದು, ಮುಂದೆ ಜಾಗ ಬಿಟ್ಟರು. “ಕಾಣಲಿಲ್ಲವಲ್ಲ, ಹೇಗೆ ಬರೆಯೋದು” ಎಂದು ಪೆನ್ನು ಮುಚ್ಚಿದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಇಲ್ಲಿಗೆ ಮುಗಿದಿದ್ದರೆ ಅದನ್ನು ಒಂದು ದಿನದ ದೌರ್ಬಲ್ಯ ಎಂದು ಕರೆದು ಸುಮ್ಮನಿರಬಹುದಿತ್ತು. ಮುಗಿಯಲಿಲ್ಲ. ಅದೃಷ್ಟ ನನ್ನ ಬಾಗಿಲಿಗೆ ಎರಡನೆಯ ಸಲ ಬಂತು.

ಆ ವರ್ಷದ ಮಳೆಗಾಲ ಕಳೆದು, ದೀಪಾವಳಿಯೂ ಆಗಿ ಗದ್ದೆಕೊಯ್ಲು ನಡೆಯುತ್ತಿತ್ತು. ಹೊಸನಗರದ ಸಂತೆಯಲ್ಲಿ ಆ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ನಾನು ಅವಳಿಗೆ ಆಡಿದ ಮಾತು ಅವಳಿಗೆ ನೆನಪೇ ಇಲ್ಲವೇನೋ ಎಂಬಂತೆ ಮುಖ ಅರಳಿತ್ತು.

“ಸ್ವಾಮಿ, ಅವು ಸಿಕ್ಕಿದ್ವು. ಗಂಡ-ಹೆಂಡ್ತಿ. ಹಳ್ಳದ ಆಚೆ ಬಿದಿರುಮೆಳೇಲಿ ಕೂರ್ತಾವೆ. ನೆಲ ನೋಡ್ಕಂಡು ನೋಡ್ಕಂಡು ಹುಡುಕ್ದೆ. ನಿಮ್ಮ ಮೇಷ್ಟ್ರನ್ನ ಕರ್ಕಂಡ್ ಬನ್ನಿ. ಈ ಸಲ ಸೊಪ್ಪು ನಾನೇ ಕಟ್ಟಿದೀನಿ.”

ಮೇಷ್ಟ್ರಿಗಾಗಿ ಅವಳು ಮಳೆ ಬಿಟ್ಟಂದಿನಿಂದ ಹುಡುಕಿದ್ದಳು. ಒಂದು ಗಡಿಗೆ ಮಜ್ಜಿಗೆಯಷ್ಟೇ ಅವಳಿಗೆ ಅವರ ಪರಿಚಯ. ಅವರು ಬರಿಯ ಮೋಟನ್ನು ನೋಡಿಕೊಂಡು ಹೋದರಲ್ಲ ಎಂಬ ಸಂಕಟ ಸುಳ್ಳು ಹೇಳಿದ ನನಗಿಂತ ಅವಳಿಗೇ ಹೆಚ್ಚಾಗಿತ್ತು.

ಮರುದಿನ ಅವಳ ಹಿಂದೆ ಹೋದೆ. ಮೆಳೆಯ ಹೊರಗೆ ಒಂದು ಗಳುವಿಗೆ ಹಿಡಿ ಸೊಪ್ಪು ಕಟ್ಟಿತ್ತು, ಬಾಡಿತ್ತು. ಒಳಗೆ, ಕೈಚಾಚಿದರೆ ಸಿಗುವಷ್ಟು ಕೆಳಗೆ, ಅವೆರಡೂ ಕೂತಿದ್ದವು. ಈ ಸಲ ನಾವು ಬಂದದ್ದು ಅವಕ್ಕೆ ತಡವಾಗಿ ತಿಳಿಯಿತು. ಗಂಡು ನಮ್ಮ ಕಡೆ ತಿರುಗಿ ಕಣ್ಣು ಪೂರ್ತಿ ತೆರೆಯಿತು. ಹಳದಿ. ಅರಿಸಿನ ಕಲಸಿದಂಥ ಹಳದಿ, ನಡುವೆ ಕಪ್ಪು. ನನ್ನನ್ನೇ ನೋಡಿತು. ಆಮೇಲೆ ನಿಧಾನಕ್ಕೆ ರೆಪ್ಪೆ ಇಳಿಸಿ ಮತ್ತೆ ಕೊಂಬೆಯಾಯಿತು.

ಮೇಷ್ಟ್ರ ಬಲಗಣ್ಣಿನಲ್ಲಿ ಆಗ ಇನ್ನೂ ಬೆಳಕಿತ್ತು. ಅಷ್ಟು ಹತ್ತಿರದ ಹಕ್ಕಿಯನ್ನು ಅವರು ದುರ್ಬೀನಿಲ್ಲದೆಯೂ ನೋಡುತ್ತಿದ್ದರು. ನಾನು ಮಾಡಬೇಕಾದದ್ದು ಇಷ್ಟೆ: ತೀರ್ಥಹಳ್ಳಿಗೆ ಹೋಗಿ, ‘ಸಾರ್, ಮತ್ತೊಮ್ಮೆ ಬನ್ನಿ’ ಎನ್ನುವುದು. ಹಳೆಯದನ್ನು ಹೇಳಬೇಕೆಂದೇ ಇರಲಿಲ್ಲ. ಆದರೆ ಹತ್ತಿರದಿಂದ ನಿಜವಾದ ಹಕ್ಕಿ ನೋಡಿದವರಿಗೆ ತಾವು ಆವತ್ತು ನೋಡಿದ್ದು ಏನು ಎಂದು ತಿಳಿಯದೆ ಇರುತ್ತದೆಯೇ? ಇವಳು ಬೇರೆ ಪಕ್ಕದಲ್ಲಿರುತ್ತಾಳೆ. ನಾಳೆ ಹೋದರಾಯಿತು ಎಂದೆ. ಬರುವ ವಾರ ಎಂದೆ. ಸಾಗರದಲ್ಲಿ ಕೆಲಸವಿದೆ ಎಂದೆ. ಆ ಚಳಿಗಾಲದಲ್ಲಿ ಎರಡು ಸಲ ತೀರ್ಥಹಳ್ಳಿಗೆ ಹೋಗಿ, ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿದು, ಬಾಯಿಬಿಡದೆ ವಾಪಸು ಬಂದೆ. ಪ್ರತಿ ಸಂತೆಯಲ್ಲೂ ಅವಳು, “ಬರ್ಲಿಲ್ವಾ ಮೇಷ್ಟ್ರು?” ಎಂದು ಕೇಳುತ್ತಿದ್ದಳು. “ಬರ್ತಾರೆ” ಎನ್ನುತ್ತಿದ್ದೆ. “ಸೊಪ್ಪು ಒಣಗ್ತು, ಮತ್ತೆ ಕಟ್ಟಿದೀನಿ” ಎನ್ನುತ್ತಿದ್ದಳು. ಆಮೇಲಾಮೇಲೆ ನಾನು ಸಂತೆಯ ದಿನ ಬೇರೆ ದಾರಿ ಹಿಡಿದು ಹೋಗಲಾರಂಭಿಸಿದೆ. ಬೇಸಿಗೆಗೆ ನನಗೆ ಬೇರೆ ಕಡೆ ವರ್ಗವಾಯಿತು. ವರ್ಗ ಬೇಕೆಂದು ಅರ್ಜಿ ಕೊಟ್ಟವನು ನಾನೇ.

ಮುಂದಿನ ಮಳೆಗಾಲದಲ್ಲಿ ಮೇಷ್ಟ್ರ ಬಲಗಣ್ಣೂ ಹೋಯಿತು.

ಸುದ್ದಿ ತಿಳಿದು ನೋಡಲು ಹೋದೆ. ಜಗುಲಿಯ ಮೇಲೆ ಕೂತಿದ್ದರು, ಮೊದಲಿನಂತೆಯೇ ಕೋಟು, ಟೋಪಿ. ಎದುರಿಗೆ ನಾಲ್ಕಾರು ಜನ ಹಳೆಯ ವಿದ್ಯಾರ್ಥಿಗಳು. ಕಪ್ಪೆಬಾಯಿ ಹಕ್ಕಿಯ ಕಥೆ ನಡೆದಿತ್ತು. “ಒಂದು ಗಂಟೆ ಕಣ್ರೋ, ಒಂದು ಗರಿ ಅಲ್ಲಾಡಲಿಲ್ಲ. ನಾನೂ ಅಲ್ಲಾಡಲಿಲ್ಲ ಅನ್ನಿ” ಎಂದು ನಗುತ್ತಿದ್ದರು. ನನ್ನ ದನಿ ಕೇಳುತ್ತಲೇ, “ಬಾ ಬಾ, ಇವನೇ ನೋಡಿ ನನಗೆ ತೋರಿಸಿದವನು” ಎಂದು ಕೈ ಚಾಚಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬ ಎದ್ದು ನನಗೆ ಕೂರಲು ಜಾಗ ಬಿಟ್ಟುಕೊಟ್ಟ.

ಅವರೆಲ್ಲ ಹೋದ ಮೇಲೆ ಹೇಳಿಬಿಡಬೇಕು ಎಂದುಕೊಂಡೆ. ನಿಜವಾಗಿ ಅಂದುಕೊಂಡೆ. ‘ಸಾರ್’ ಎಂದು ಶುರುವನ್ನೂ ಮಾಡಿದೆ. ಅಷ್ಟರಲ್ಲಿ ಅವರು ಪಕ್ಕದಲ್ಲಿ ತಡವಿ ಆ ನೋಟುಪುಸ್ತಕ ತೆಗೆದು ನನ್ನ ಮಡಿಲಲ್ಲಿ ಇಟ್ಟರು.

“ಒಂದು ಕೆಲಸ ಮಾಡಿಕೊಡು ಮಾರಾಯ. ಆ ಪುಟದಲ್ಲಿ ಕಣ್ಣಿನ ಬಣ್ಣಕ್ಕೆ ಜಾಗ ಬಿಟ್ಟಿದ್ದೆ, ನನಗೆ ಕಂಡಿರಲಿಲ್ಲ ಅಂತ. ಇನ್ನು ಕಾಣೋದೂ ಇಲ್ಲ. ಈಗ ಕೂತಲ್ಲಿ ಕೂತು ಅದನ್ನೇ ನೆನೆಸ್ಕೋತೀನಿ, ಎಲ್ಲಾ ಬರ್ತದೆ, ಕಣ್ಣು ಮಾತ್ರ ಬರೋದಿಲ್ಲ. ನೀನು ಕಂಡಿದ್ದೀಯೇನೋ? ಅಂದಾಜಲ್ಲ ಮತ್ತೆ. ಕಂಡಿದ್ದರೆ ಮಾತ್ರ ಹೇಳು.”

“ಕಂಡಿದ್ದೀನಿ ಸಾರ್” ಎಂದೆ. “ಹಳದಿ. ಅರಿಸಿನದ ಹಳದಿ. ನಡುವೆ ಕಪ್ಪು.”

ಅವರು ಗೋಡೆಗೆ ಒರಗಿದರು. ಬೆಳಕಿಲ್ಲದ ಆ ಎರಡು ಕಣ್ಣುಗಳನ್ನು ಮುಚ್ಚಿಕೊಂಡು ಹಕ್ಕಿಗೆ ಆ ಹಳದಿಯನ್ನು ಹಚ್ಚಿ ನೋಡುತ್ತಿದ್ದರು ಎಂದು ಕಾಣುತ್ತದೆ. ಮುಖ ಅರಳಿತು. “ಬರೆ. ಬರೆದು ಕೆಳಗೆ ನಿನ್ನ ರುಜು ಹಾಕು. ನಾನು ಕಂಡದ್ದಲ್ಲ, ನೀನು ಕಂಡದ್ದು ಅಂತ ಓದಿದವರಿಗೆ ಗೊತ್ತಾಗಬೇಕು. ಸುಳ್ಳಾಗಬಾರದು” ಎಂದರು.

ಬರೆದೆ. ಮೇಲೆ ಅವರ ನಡುಗುವ ಅಕ್ಷರದ ನಾಲ್ಕು ಸಾಲು, ಕೆಳಗೆ ನನ್ನ ದುಂಡು ಅಕ್ಷರದಲ್ಲಿ ‘ಹಳದಿ’ ಎಂದು, ಅದರಡಿಗೆ ನನ್ನ ರುಜು. ಆ ಪುಟದಲ್ಲಿ ನಿಜವಾದ ಹಕ್ಕಿಯನ್ನು ಕಂಡು ಬರೆದ ಮಾತು ಅದೊಂದೇ. ಜೀವಮಾನದಲ್ಲಿ ಒಮ್ಮೆಯೂ ಅಂದಾಜಿನಲ್ಲಿ ಬರೆಯದವರ ಪುಸ್ತಕದಲ್ಲಿ ಅದನ್ನು ಬರೆದವನು ನಾನು. ಶಾಯಿ ಒಣಗಲೆಂದು ಊದಿ, ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಟವೆಲಿನಲ್ಲಿ ಸುತ್ತಿ, ಊಟ ಮಾಡಿಕೊಂಡೇ ಹೋಗಬೇಕು ಎಂದು ನನಗೆ ಹೇಳಿದರು.